ನಿದ್ದೆಗೆ ಸಾಕ್ಷಿ ಯಾರು?

ಡೌನ್ ಸಿಂಡ್ರೋಮ್ ಇರುವ ಮಕ್ಕಳನ್ನು ಬೆಳೆಸಿದ ಹಲವು ಮನೆಗಳಿಗೆ ಈ ದೃಶ್ಯ ಗೊತ್ತು. ಹೊದಿಕೆ ಸರಿಮಾಡಲು ನಡುರಾತ್ರಿ ಎದ್ದ ತಾಯಿ ನೋಡುತ್ತಾಳೆ, ಮಗು ಮಲಗಿಲ್ಲ, ಕೂತಿದೆ. ಚಕ್ಕಳಮಕ್ಕಳ ಹಾಕಿ, ಸೊಂಟದಿಂದ ಮುಂದಕ್ಕೆ ಬಗ್ಗಿ, ಹಣೆಯನ್ನು ಹಾಸಿಗೆಗೆ ಊರಿ ಹಾಗೇ ನಿದ್ದೆ ಹೋಗಿದೆ. ಕೀಲುಗಳು ಸಡಿಲವಾದ್ದರಿಂದ ಮೈ ಮಡಿಸಿಟ್ಟ ಪಂಚೆಯ ಹಾಗೆ ಬಗ್ಗುತ್ತದೆ. ಎತ್ತಿ ನೆಟ್ಟಗೆ ಮಲಗಿಸಿದರೆ ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಭಂಗಿ. ಮೀಸೆ ಚಿಗುರುವ ವಯಸ್ಸಿಗೆ ಬಂದರೂ ಕೆಲವರು ಇದನ್ನು ಬಿಡುವುದಿಲ್ಲ. ಅಜ್ಜಿಯರ ಬಳಿ ಇದಕ್ಕೊಂದು ವಿವರಣೆ ಸಿದ್ಧವಾಗಿರುತ್ತದೆ: "ದೇವರ ಮಗು ಅಲ್ವಾ, ನಿದ್ದೇಲೂ ನಮಸ್ಕಾರ ಮಾಡತ್ತೆ."

ಅದೇ ಭಂಗಿಯನ್ನು ನಿದ್ದೆಯ ವೈದ್ಯರು ಬೇರೆ ಥರ ಓದುತ್ತಾರೆ. ಅಂಗಾತ ಮಲಗಿದಾಗ ನಾಲಿಗೆ ಗಂಟಲಿನ ಕಡೆಗೆ ಜಾರಿ ಉಸಿರಿನ ದಾರಿಗೆ ಅಡ್ಡ ಬರುತ್ತದೆ. ಮುಂದಕ್ಕೆ ಬಗ್ಗಿದರೆ ಅದೇ ನಾಲಿಗೆ, ಅದೇ ದವಡೆ ತಮ್ಮ ಭಾರಕ್ಕೇ ಮುಂದೆ ಬಂದು ದಾರಿ ಬಿಡುತ್ತವೆ. ಯಾರೂ ಹೇಳಿಕೊಡದೆ, ನಿದ್ದೆಯ ಮಂಪರಿನಲ್ಲೇ, ಆ ಮೈ ಉಸಿರಾಡಲು ಕಂಡುಕೊಂಡ ಉಪಾಯ ಅದು. ಹೀಗೆ ಮಲಗುವ ಪ್ರತಿ ಮಗುವಿಗೂ ಉಸಿರಿನ ತೊಂದರೆ ಇದ್ದೇ ಇದೆ ಎಂದಲ್ಲ. ಪರೀಕ್ಷೆ ಮಾಡಿಸಿ ನೋಡಬೇಕು ಎನ್ನಲು ಮಾತ್ರ ಇದು ಸಾಕಾದ ಕಾರಣ.

ನಮಸ್ಕಾರವೋ, ಉಸಿರಿಗಾಗಿ ಪಡುವ ಪಾಡೋ? ಮಲಗಿದವನನ್ನೇ ಕೇಳೋಣವೆಂದರೆ ಅವನು ನಿದ್ದೆಯಲ್ಲಿದ್ದಾನೆ. ಎದ್ದ ಮೇಲೆ ಕೇಳಿದರೆ ಅವನಿಗೆ ನೆನಪಿಲ್ಲ. ಪಕ್ಕದಲ್ಲಿದ್ದವರು ತಮಗೆ ಬೇಕಾದ್ದನ್ನು ನೋಡಿದರು. ಒಬ್ಬನ ನಿದ್ದೆ ಹೇಗಿತ್ತೆಂದು ಹೇಳುವ ಅಧಿಕಾರ ಯಾರದು ಎಂಬ ಈ ಪ್ರಶ್ನೆ ಆಸ್ಪತ್ರೆಗಳಿಗೆ ಬರುವ ಎಷ್ಟೋ ಕಾಲ ಮೊದಲೇ ನಮ್ಮ ದರ್ಶನಗಳ ಜಗಲಿಯ ಮೇಲೆ ಕೂತಿತ್ತು.

ವೇದಾಂತಿಗಳಿಗೆ ನಿದ್ದೆಯ ಬಗ್ಗೆ ಇದ್ದ ಕುತೂಹಲ ದೊಡ್ಡದು. ಹನ್ನೆರಡೇ ಮಂತ್ರಗಳ ಮಾಂಡೂಕ್ಯೋಪನಿಷತ್ತು ಮನುಷ್ಯನ ಬದುಕನ್ನೆಲ್ಲ ಎಚ್ಚರ, ಕನಸು, ಸುಷುಪ್ತಿ ಎಂದು ಮೂರು ಪಾಲು ಮಾಡಿ, ನಾಲ್ಕನೆಯದಕ್ಕೆ ಕೈ ತೋರಿಸುತ್ತದೆ. ಅದರ ಹಿಂದೆ ಬಂದವರು ಹಿಡಿದುಕೊಂಡದ್ದು ಎಲ್ಲರ ಮನೆಯಲ್ಲೂ ಬೆಳಿಗ್ಗೆ ಕೇಳಿಬರುವ ಒಂದು ಮಾತನ್ನು: ಸುಖವಾಗಿ ನಿದ್ದೆ ಬಂತು, ಏನೂ ಗೊತ್ತಾಗಲಿಲ್ಲ. ಏನೂ ಗೊತ್ತಾಗದಿದ್ದರೆ ಸುಖವಾಗಿತ್ತು ಎನ್ನುವುದು ಹೇಗೆ ಗೊತ್ತಾಯಿತು? ಅದ್ವೈತಿಯ ಉತ್ತರ, ಅದು ನೆನಪು. ಅನುಭವಿಸದ್ದು ನೆನಪಿಗೆ ಬರುವುದಿಲ್ಲವಾದ್ದರಿಂದ, ಮನಸ್ಸು ಮುಳುಗಿದ್ದಾಗಲೂ ನೋಡುತ್ತಿದ್ದ ಸಾಕ್ಷಿ ಒಂದಿತ್ತು. ನೈಯಾಯಿಕ ಇದನ್ನು ಒಪ್ಪುವುದಿಲ್ಲ. ಅದು ನೆನಪಲ್ಲ, ಅನುಮಾನ. ಎದ್ದಾಗ ಮೈ ಹಗುರವಾಗಿದೆ, ಮುಖದಲ್ಲಿ ಗೆಲುವಿದೆ, ಆದ್ದರಿಂದ ನಿದ್ದೆ ಚೆನ್ನಾಗಿತ್ತೆಂದು ಊಹಿಸುತ್ತೇವೆ, ಅಷ್ಟೆ. ಪತಂಜಲಿಯಂತೂ ನಿದ್ದೆಯನ್ನೂ ಚಿತ್ತದ ಒಂದು ವೃತ್ತಿಯೆಂದು ಲೆಕ್ಕಕ್ಕೆ ತೆಗೆದುಕೊಂಡುಬಿಟ್ಟ. ಆಗ ಮನಸ್ಸು ಸುಮ್ಮನಿರುವುದಿಲ್ಲ, ಇಲ್ಲದಿರುವಿಕೆಯನ್ನೇ ಹಿಡಿದುಕೊಂಡು ಕೆಲಸ ಮಾಡುತ್ತಿರುತ್ತದೆ.

ಇವರೆಲ್ಲರ ವಾದದ ಕೆಳಗೆ ಯಾರೂ ಪ್ರಶ್ನಿಸದ ಒಂದು ಹಲಗೆ ಇದೆ. ನಿದ್ದೆ ಮಾಡಿದವನು ಎದ್ದು, ಅದನ್ನು ಮಾತಿನಲ್ಲಿ ಹೇಳುತ್ತಾನೆ ಎನ್ನುವುದು. ಹೇಳದವನ ಕತೆ ಏನು? ಮಾತು ತಡವರಿಸುವ, ಕೇಳಿದವರಿಗೆ ಖುಷಿಯಾಗಲೆಂದು ಎಲ್ಲದಕ್ಕೂ ಹೂಂ ಎನ್ನುವ, ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆಯನ್ನೇ ಯಾರೂ ಹಾಕದ ಹದಿನೇಳರ ಹುಡುಗ ಅಥವಾ ಹುಡುಗಿ?

ಡೌನ್ ಎನ್ನುವುದು 'ಕೆಳಗೆ' ಎಂಬ ಅರ್ಥದ ಇಂಗ್ಲಿಷ್ ಪದವೆಂದು ತಿಳಿದವರು ಬಹಳ ಜನ. ಅದು ಜಾನ್ ಲ್ಯಾಂಗ್ಡನ್ ಡೌನ್ ಎಂಬ ಬ್ರಿಟಿಷ್ ವೈದ್ಯನ ಹೆಸರು. 1866ರಲ್ಲಿ ಈ ಲಕ್ಷಣಗಳನ್ನು ಒಟ್ಟಾಗಿ ವಿವರಿಸಿದವನು ಆತ. 21ನೇ ವರ್ಣತಂತು ಎರಡರ ಬದಲು ಮೂರು ಇರುವುದೇ ಇದಕ್ಕೆ ಕಾರಣವೆಂದು ಪ್ಯಾರಿಸ್ಸಿನ ಜೆರೋಮ್ ಲೆಜೂನ್, ಮಾರ್ತ್ ಗೋತಿಯೆ ಮತ್ತು ರೇಮೊಂ ಟರ್ಪಿನ್ 1959ರಲ್ಲಿ ಪ್ರಕಟಿಸಿದರು. ಆ ಮೂರನೆಯ ಪ್ರತಿ ಮೈಯ ಎಲ್ಲ ಕಡೆ ತನ್ನ ರುಜು ಹಾಕುತ್ತದೆ. ಮುಖದ ನಡುಭಾಗ ಚಪ್ಪಟೆ, ಮೇಲ್ದವಡೆ ಇಕ್ಕಟ್ಟು, ಆ ಇಕ್ಕಟ್ಟಿಗೆ ನಾಲಿಗೆ ದೊಡ್ಡದು, ಸ್ನಾಯುಗಳು ಸಡಿಲ, ಟಾನ್ಸಿಲ್ ಮತ್ತು ಅಡಿನಾಯ್ಡ್‌ಗಳಿಗೆ ಗಂಟಲಲ್ಲಿ ಜಾಗ ಸಾಲದು. ಜೊತೆಗೆ ಥೈರಾಯ್ಡ್ ಮಂದವಾಗಿ ತೂಕ ಏರಿದರೆ ಕತ್ತಿನ ಸುತ್ತ ಕೊಬ್ಬು. ಎಚ್ಚರವಿದ್ದಾಗ ಸ್ನಾಯುಗಳು ಹೇಗೋ ದಾರಿಯನ್ನು ತೆರೆದಿಟ್ಟಿರುತ್ತವೆ. ನಿದ್ದೆ ಬಂತೆಂದರೆ ಬಾಗಿಲು ಮುಚ್ಚುತ್ತದೆ. ಉಸಿರು ನಿಲ್ಲುತ್ತದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಯಾಗಿ ಅರೆಕ್ಷಣ ಎಬ್ಬಿಸುತ್ತದೆ, ಗೊರ್ ಎಂದು ಉಸಿರು ಮರಳುತ್ತದೆ. ಮತ್ತೆ ನಿದ್ದೆ, ಮತ್ತೆ ಬಾಗಿಲು. ಬೆಳಿಗ್ಗೆ ಇದರ ಒಂದೂ ನೆನಪಿರುವುದಿಲ್ಲ. ಇದಕ್ಕೆ ಅಬ್‌ಸ್ಟ್ರಕ್ಟಿವ್ ಸ್ಲೀಪ್ ಆಪ್ನಿಯಾ ಎಂದು ಹೆಸರು. ಸಾಮಾನ್ಯ ಮಕ್ಕಳಲ್ಲಿ ಇದು ನೂರಕ್ಕೆ ಒಂದರಿಂದ ಐದು ಮಂದಿಗೆ ಇದ್ದರೆ, ಡೌನ್ ಸಿಂಡ್ರೋಮ್ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇದೆ. ಮಕ್ಕಳ ಲೆಕ್ಕದಲ್ಲಿ ಗಂಟೆಗೆ ಒಂದಕ್ಕಿಂತ ಹೆಚ್ಚು ಸಲ ಹೀಗಾದರೂ ಅದು ಸರಿಯಲ್ಲ, ಹತ್ತು ದಾಟಿದರೆ ತೀವ್ರ.

ನಿದ್ದೆಯ ಗುಣಮಟ್ಟವನ್ನು ಇಂದು ಅಳೆಯುವ ಬಗೆಗಳನ್ನು ನೋಡಿದರೆ ಹಳೆಯ ಜಗಳ ಬಿಳಿ ಕೋಟು ಹಾಕಿಕೊಂಡು ಬಂದಂತಿದೆ. ದೊಡ್ಡವರಿಗಾಗಿ 1989ರಲ್ಲಿ ಬಂದ ಪಿಟ್ಸ್‌ಬರ್ಗ್ ನಿದ್ರಾ ಸೂಚ್ಯಂಕ ಮಲಗಿದವನನ್ನೇ ಕೇಳುತ್ತದೆ. ಅದರ ಏಳು ಅಂಗಗಳಲ್ಲಿ ಒಂದು, ನಿಮ್ಮ ನಿದ್ದೆಗೆ ನೀವೇ ಎಷ್ಟು ಅಂಕ ಕೊಡುತ್ತೀರಿ ಎನ್ನುವುದು. ಇದು ಅದ್ವೈತಿಯ ದಾರಿ. ತಲೆಗೆ, ಎದೆಗೆ, ಬೆರಳಿಗೆ ತಂತಿ ಅಂಟಿಸಿ ರಾತ್ರಿಯಿಡೀ ದಾಖಲಿಸುವ ಪಾಲಿಸೊಮ್ನೋಗ್ರಫಿ ನೈಯಾಯಿಕನ ದಾರಿ. ಅದು ಯಾರ ಮಾತನ್ನೂ ಕೇಳುವುದಿಲ್ಲ, ಲಿಂಗದಿಂದ, ಅಂದರೆ ಗುರುತಿನಿಂದ, ಲಿಂಗಿಯನ್ನು ಊಹಿಸುವ ಹಾಗೆ, ಹೊಗೆಯಿಂದ ಬೆಂಕಿಯನ್ನು ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹೀಗೆಯೇ ವಿಪಶ್ಯನ ಧ್ಯಾನದಲ್ಲಿ ಬಹುಕಾಲ ಪಳಗಿದವರ ರಾತ್ರಿಗಳನ್ನು ದಾಖಲಿಸಿ, ಅವರಲ್ಲಿ ಗಾಢನಿದ್ದೆಯ ಪಾಲು ಹೆಚ್ಚಿರುವುದನ್ನು ಸಂಶೋಧಕರು ತೋರಿಸಿದ್ದಾರೆ. ಸಾಧಕನ ಸುಷುಪ್ತಿಗೂ ಈಗ ಗ್ರಾಫ್ ಇದೆ.

ಮಕ್ಕಳ ವಿಷಯದಲ್ಲಿ ಮೂರನೆಯ ಪ್ರಮಾಣವೊಂದು ನಡುವೆ ಬರುತ್ತದೆ: ಶಬ್ದ, ಅಂದರೆ ನಂಬಬಹುದಾದ ಆಪ್ತನ ಮಾತು. ಪ್ರಪಂಚದೆಲ್ಲೆಡೆ ಬಳಕೆಯಲ್ಲಿರುವ ಮಕ್ಕಳ ನಿದ್ರಾಭ್ಯಾಸಗಳ ಪ್ರಶ್ನಾವಳಿಯನ್ನು ತುಂಬುವವರು ತಂದೆತಾಯಿ. ಡೌನ್ ಸಿಂಡ್ರೋಮ್ ಇರುವವರಿಗೆ ವಯಸ್ಸು ಹದಿನೆಂಟು ದಾಟಿದರೂ ಅನೇಕ ಸಲ ಉತ್ತರ ಬರೆಯುವುದು ಅಮ್ಮನೇ. ತಾಯಿಗಿಂತ ದೊಡ್ಡ ಆಪ್ತರು ಯಾರಿದ್ದಾರೆ ಎಂದು ಯಾರಾದರೂ ಕೇಳಿಯಾರು. ಆ ನಂಬಿಕೆಗೆ 2006ರಲ್ಲಿ ಅಮೆರಿಕದ ಸಿನ್ಸಿನಾಟಿಯಿಂದ ಒಂದು ಪೆಟ್ಟು ಬಿತ್ತು. ಡೌನ್ ಸಿಂಡ್ರೋಮ್ ಇರುವ ಪುಟ್ಟ ಮಕ್ಕಳನ್ನು ಅಲ್ಲಿನ ಗಂಟಲು ವೈದ್ಯರು ನಿದ್ದೆಯ ಪರೀಕ್ಷೆಗೆ ಒಳಪಡಿಸಿದರು. ಮಗುವಿನ ನಿದ್ದೆಯಲ್ಲಿ ಏನೂ ತೊಂದರೆಯಿಲ್ಲ ಎಂದಿದ್ದರು ನೂರಕ್ಕೆ 69 ಹೆತ್ತವರು. ಹಾಗೆಂದವರ ಮಕ್ಕಳಲ್ಲೇ ನೂರಕ್ಕೆ 54ರ ಪರೀಕ್ಷೆ ಸರಿಯಿರಲಿಲ್ಲ. ನಾಣ್ಯ ಚಿಮ್ಮಿ ಹೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ನಿಜವಾಗುತ್ತಿತ್ತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ, ಲಕ್ಷಣ ಕಾಣಲಿ ಬಿಡಲಿ, ಇಂಥ ಪ್ರತಿ ಮಗುವಿಗೂ ನಾಲ್ಕು ವರ್ಷದೊಳಗೆ ಒಂದು ನಿದ್ದೆಯ ಪರೀಕ್ಷೆ ಆಗಲೇಬೇಕೆಂದು ಸೂಚಿಸಿತು. 2022ರಲ್ಲಿ ಅದನ್ನು ಮೂರರಿಂದ ನಾಲ್ಕು ವರ್ಷದ ನಡುವೆ ಎಂದು ಬಿಗಿಗೊಳಿಸಿತು.

ತಾಯಂದಿರು ಸುಳ್ಳು ಹೇಳಿದ್ದಲ್ಲ. ಹುಟ್ಟಿದಂದಿನಿಂದ ಕೇಳಿದ ಗೊರಕೆ ಕಿವಿಗೆ ಗಡಿಯಾರದ ಟಿಕ್ ಟಿಕ್ ಆಗಿಹೋಗಿರುತ್ತದೆ. ನಮ್ಮ ಮಾತಿನಲ್ಲೇ ಗೊರಕೆ ಹೊಡೆಯುವುದೆಂದರೆ ಚಿಂತೆಯಿಲ್ಲದೆ ಮಲಗುವುದು ಎಂದು ಅರ್ಥ. ಇನ್ನೊಂದು ಕಾರಣ ಮೈಯ ವೇಳಾಪಟ್ಟಿಯಲ್ಲಿದೆ. ಕನಸಿನ ನಿದ್ದೆಯಲ್ಲಿ ಸ್ನಾಯುಗಳು ಪೂರ್ತಿ ಕೈಬಿಡುವುದರಿಂದ ಉಸಿರು ಕಟ್ಟುವುದು ಆಗಲೇ ಹೆಚ್ಚು, ಮತ್ತು ಕನಸಿನ ನಿದ್ದೆ ಬೀಳುವುದು ಹೆಚ್ಚಾಗಿ ಬೆಳಗಿನ ಜಾವಕ್ಕೆ. ಆ ಹೊತ್ತಿಗೆ ದಿನವಿಡೀ ದುಡಿದ ತಾಯಿಯೂ ಮಲಗಿರುತ್ತಾಳೆ. ಸಾಕ್ಷಿಗೇ ನಿದ್ದೆ.

ಬೃಹದಾರಣ್ಯಕದ ನಾಲ್ಕನೆಯ ಅಧ್ಯಾಯದಲ್ಲಿ ಜನಕನಿಗೆ ಯಾಜ್ಞವಲ್ಕ್ಯ ನಿದ್ದೆಯ ಬಗ್ಗೆ ಹೇಳುವ ಭಾಗ ಭಾರತೀಯ ಚಿಂತನೆಯ ದಿಟ್ಟ ಪುಟಗಳಲ್ಲೊಂದು. ಗಾಢನಿದ್ದೆಯಲ್ಲಿ ತಂದೆ ತಂದೆಯಲ್ಲ, ತಾಯಿ ತಾಯಿಯಲ್ಲ, ದೇವತೆಗಳು ದೇವತೆಗಳಲ್ಲ, ವೇದವೂ ವೇದವಲ್ಲ. ಕಳ್ಳ ಕಳ್ಳನಲ್ಲ, ಚಾಂಡಾಲ ಚಾಂಡಾಲನಲ್ಲ, ಸನ್ಯಾಸಿ ಸನ್ಯಾಸಿಯಲ್ಲ. ಹಗಲು ಮೈಮೇಲೆ ಬರೆದ ಪಟ್ಟಿಗಳೆಲ್ಲ ರಾತ್ರಿ ಅಳಿಸುತ್ತವೆ ಎಂಬ ಈ ಮಾತಿಗೆ ಬುದ್ಧಿಮಾಂದ್ಯನೂ ಅಲ್ಲಿ ಬುದ್ಧಿಮಾಂದ್ಯನಲ್ಲ ಎಂದು ಇನ್ನೊಂದನ್ನು ಸೇರಿಸಲು ಯಾರ ಅಡ್ಡಿಯೂ ಇಲ್ಲ. ಅಂಕಪಟ್ಟಿ, ಐಕ್ಯೂ, ವಿಶೇಷ ಶಾಲೆಯ ಗುರುತಿನ ಚೀಟಿ ಎಲ್ಲವೂ ದಿಂಬಿನ ಈಚೆಗೆ. ಕೇಳಲು ಎಷ್ಟು ಹಿತ! ಆದರೆ ಅರ್ಧಕ್ಕಿಂತ ಹೆಚ್ಚು ಮಂದಿಯ ವಿಷಯದಲ್ಲಿ ಹಗಲಿನ ಪಟ್ಟಿಗೆ ಕಾರಣವಾದ ಅದೇ ವರ್ಣತಂತು ರಾತ್ರಿಯೂ ಬಾಗಿಲಲ್ಲಿ ನಿಂತು ಆ ಸಮಾನತೆಯ ಊರಿಗೆ ಬಿಡುವುದಿಲ್ಲ.

ಉಪನಿಷತ್ತು ಇದನ್ನು ಗಮನಿಸಿರಲಿಲ್ಲ ಎನ್ನುವುದು ಆತುರದ ಮಾತಾದೀತು. ಅದೇ ಸಂವಾದದಲ್ಲಿ, ಕೆಲವು ಮಂತ್ರಗಳ ಹಿಂದೆ, ಆತ್ಮವು ಗೂಡನ್ನು ಬಿಟ್ಟು ಹಾರುವ ಹಕ್ಕಿಯಂತೆ ಬರುತ್ತದೆ. ದೇಹವೆಂಬ ಆ ಗೂಡನ್ನು ಕಾಯಲು ಅದು ಪ್ರಾಣವನ್ನು ಇಟ್ಟು ಹೋಗುತ್ತದೆ. ನಿದ್ದೆಯ ಸುಖವೆಲ್ಲ ನಿಂತಿರುವುದು ಈ ಕಾವಲಿನ ಮೇಲೆ. ಕಾವಲುಗಾರ ನೆಟ್ಟಗಿದ್ದರೆ ಮಾತ್ರ ಯಜಮಾನ ಊರು ಸುತ್ತಬಹುದು. ಗಂಟೆಗೆ ಹತ್ತು ಸಲ ಕಾವಲುಗಾರನೇ ಕೂಗಿ ಕರೆದರೆ ಹಕ್ಕಿ ಗೂಡಿನ ಅಂಚಿನಲ್ಲೇ ರಾತ್ರಿ ಕಳೆಯಬೇಕು. ಅಲ್ಲೇ ಮುಂದೆ, ಹಠಾತ್ತನೆ ಯಾರನ್ನೂ ಎಬ್ಬಿಸಬೇಡಿ, ಆತ್ಮ ಸರಿಯಾಗಿ ಮರಳದ ಕಡೆ ವೈದ್ಯ ಮಾಡುವುದು ಕಷ್ಟ ಎಂಬ ಲೋಕಾನುಭವದ ಎಚ್ಚರಿಕೆಯೂ ಇದೆ. ಬ್ರಹ್ಮವಿದ್ಯೆಯ ನಡುವೆ ಮನೆಮದ್ದಿನ ದನಿಯಲ್ಲಿ ಬಂದ ಈ ಮಾತು ಇಲ್ಲಿ ವಿಚಿತ್ರವಾಗಿ ತಟ್ಟುತ್ತದೆ. ಈ ಮಕ್ಕಳನ್ನು ರಾತ್ರಿಯಿಡೀ ಹಠಾತ್ತನೆ ಎಬ್ಬಿಸುತ್ತಿರುವುದು ಅವರ ಉಸಿರೇ.

ಇಂದ್ರಿಯಗಳು ತಮ್ಮೊಳಗೆ ಯಾರು ದೊಡ್ಡವರೆಂದು ಜಗಳವಾಡಿದ ಕತೆಯನ್ನೂ ಈ ಬೆಳಕಿನಲ್ಲಿ ಓದಬೇಕು. ಛಾಂದೋಗ್ಯದಲ್ಲೂ ಬೃಹದಾರಣ್ಯಕದಲ್ಲೂ ಅದು ಬರುತ್ತದೆ. ಮಾತು ಒಂದು ವರ್ಷ ಮೈಬಿಟ್ಟು ಹೋಗಿ ಬಂದು ನೋಡಿದರೆ ಉಳಿದವು ಮೂಗರ ಹಾಗೆ ಬದುಕಿದ್ದವು. ಕಣ್ಣು ಹೋಗಿ ಬಂತು, ಕುರುಡರ ಹಾಗೆ ಬದುಕಿದ್ದವು. ಮನಸ್ಸೂ ಹೋಗಿ ಬಂತು. ಅದಿಲ್ಲದೆಯೂ, ಬುದ್ಧಿ ಬಲಿಯದವರು ಬದುಕುವ ಹಾಗೆ ಬದುಕು ನಡೆದಿತ್ತು. ಕೊನೆಗೆ ಪ್ರಾಣ ಹೊರಡಲು ಎದ್ದಿತು ಅಷ್ಟೆ, ಕಟ್ಟಿದ ಕುದುರೆ ಗೂಟಗಳನ್ನೇ ಕಿತ್ತೆಳೆಯುವ ಹಾಗೆ ಎಲ್ಲ ಇಂದ್ರಿಯಗಳ ಬೇರು ಅಲುಗಿತು. ಬುದ್ಧಿಯನ್ನೇ ಮನುಷ್ಯನ ಕಿರೀಟವೆಂದುಕೊಂಡ ಕಾಲಕ್ಕೆ ಈ ಕತೆ ಒಗ್ಗುವುದಿಲ್ಲ. ಮನಸ್ಸು ಕಡಿಮೆಯಾದರೂ ಬದುಕು ಬದುಕೇ, ಉಸಿರು ಕಡಿಮೆಯಾದರೆ ಅಲ್ಲ ಎಂಬುದು ಅದರ ತೀರ್ಪು. ಆದರೆ ಡೌನ್ ಸಿಂಡ್ರೋಮ್ ಇರುವ ಹುಡುಗನೊಬ್ಬನನ್ನು ಕಂಡಾಗ ಮನೆಯವರೂ ಶಾಲೆಯವರೂ ಮೊದಲು ಅಳೆಯುವುದು ಮನಸ್ಸನ್ನು. ಅಕ್ಷರ ಎಷ್ಟು ಬಂತು, ಲೆಕ್ಕ ಎಷ್ಟು ಬಂತು. ಉಸಿರಿನ ಸರದಿ ಬರುವಷ್ಟರಲ್ಲಿ ಅವನಿಗೆ ಹದಿನೈದಾಗಿರುತ್ತದೆ.

ಆ ಹದಿನೈದರ ಹೊತ್ತಿಗೆ ಅವನ ಬಗ್ಗೆ ಮನೆಯಲ್ಲಿ ಕೆಲವು ತೀರ್ಮಾನಗಳೂ ಗಟ್ಟಿಯಾಗಿರುತ್ತವೆ. ಹಟಮಾರಿ, ಬೆಳಿಗ್ಗೆ ಎದ್ದೇಳುವುದೇ ಇಲ್ಲ, ಹೇಳಿದ್ದು ತಲೆಗೆ ಹೋಗುವುದಿಲ್ಲ, ಇದ್ದಕ್ಕಿದ್ದಂತೆ ಸಿಟ್ಟು, ಬಸ್ಸಿನಲ್ಲಿ ಕೂತರೆ ತೂಕಡಿಕೆ. "ಅದರ ಸ್ವಭಾವವೇ ಹಾಗೆ." ವೇದಾಂತದ ತರಗತಿಗಳಲ್ಲಿ ಇದಕ್ಕೊಂದು ಉದಾಹರಣೆ ಇದೆ. ಸ್ಫಟಿಕದ ಪಕ್ಕ ದಾಸವಾಳ ಇಟ್ಟರೆ ಸ್ಫಟಿಕ ಕೆಂಪಾಗಿ ಕಾಣುತ್ತದೆ. ಕೆಂಪು ಹೂವಿನದು, ಕಾಣುವುದು ಮಾತ್ರ ಸ್ಫಟಿಕದಲ್ಲಿ. ಹೂವು ಉಪಾಧಿ. ನಿದ್ದೆಗೆಟ್ಟ ಯಾವ ಹುಡುಗನೂ ಸಿಡುಕುತ್ತಾನೆ, ಮರೆಯುತ್ತಾನೆ, ಮೊಂಡು ಹಿಡಿಯುತ್ತಾನೆ. ಪಕ್ಕದ ಮನೆಯ ಹುಡುಗ ಹಾಗೆ ಮಾಡಿದರೆ ರಾತ್ರಿ ಎಷ್ಟು ಹೊತ್ತಿಗೆ ಮಲಗಿದೆ ಎಂದು ಕೇಳುತ್ತೇವೆ. ಇವನು ಮಾಡಿದರೆ ಕೇಳುವುದಿಲ್ಲ, ಉತ್ತರ ಮುಖದಲ್ಲೇ ಬರೆದಿದೆ ಎಂದುಕೊಳ್ಳುತ್ತೇವೆ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಡೌನ್ ಸಿಂಡ್ರೋಮ್ ಇರುವ 38 ಮಕ್ಕಳನ್ನು ಅವರೊಳಗೇ ಹೋಲಿಸಿ ನೋಡಿತು. ಆಪ್ನಿಯಾ ಇದ್ದವರ ಭಾಷಾ ಬುದ್ಧಿಯ ಅಂಕ ಇಲ್ಲದವರಿಗಿಂತ ಸರಾಸರಿ ಒಂಬತ್ತು ಕಡಿಮೆ ಇತ್ತು. ಎರಡೂ ಗುಂಪಿನಲ್ಲಿ ವರ್ಣತಂತು ಅದೇ. ಒಂಬತ್ತು ಅಂಕದ ಕೆಂಪು ಎಲ್ಲಿಂದ ಬಂತೆಂದು ಹೂವಿನ ಕಡೆ ನೋಡದೆ ಹೇಳಲಾಗದು.

ಇದು ಉಪಮೆಯನ್ನು ತೀರ ಎಳೆಯುವ ಜಾಗವೂ ಹೌದು. ಡೌನ್ ಸಿಂಡ್ರೋಮನ್ನೇ ತೆಗೆದಿಡಬೇಕಾದ ಹೂವೆಂದುಕೊಂಡರೆ ಮತ್ತೊಂದು ತಪ್ಪು ಆಗುತ್ತದೆ. ಆ ಹುಡುಗ ಅದರಿಂದ ಬೇರೆಯಾಗಿ ಎಲ್ಲೂ ಇಲ್ಲ. ಅವನ ನಗುವಿಗೂ ಜಾಣತನಕ್ಕೂ ಅದು ಹೊರಗಿನದಲ್ಲ. ಈ ಜಾಗದಲ್ಲಿ ಸ್ಫಟಿಕದವರಿಗಿಂತ ಉಡುಪಿಯ ಮಧ್ವಾಚಾರ್ಯರ ಕಡೆಯವರ ಮಾತು ಹತ್ತಿರ ಬರುತ್ತದೆ. ಅವರ ಪ್ರಕಾರ ಯಾವ ಎರಡು ಜೀವಗಳೂ ಒಂದೇ ಅಲ್ಲ. ನಿದ್ದೆಯಲ್ಲೂ ಜೀವ ತನ್ನತನ ಕಳೆದುಕೊಳ್ಳುವುದಿಲ್ಲ, ಮೋಕ್ಷದಲ್ಲೂ ಇಲ್ಲ. ಚಿಕ್ಕ ತಂಬಿಗೆ, ದೊಡ್ಡ ಹಂಡೆ, ಎರಡೂ ತುಂಬಿದ್ದರೆ ತುಂಬಿದವೇ. ಈ ತಾರತಮ್ಯದ ಮಾತಿಗೆ ಮೇಲುಕೀಳಿನ ಅಪಾಯ ಅಂಟಿಕೊಂಡಿದೆ ನಿಜ. ಆದರೂ ತಂಬಿಗೆಯನ್ನು ಹಂಡೆಯಾಗಿಸುವ ಹಟ ಬಿಟ್ಟು ಅದು ತುಂಬಿದೆಯೇ ಎಂದು ನೋಡುವುದು ನಿದ್ದೆಯ ವೈದ್ಯರಿಗೂ ಒಪ್ಪಿಗೆಯಾಗುವ ಮಾತು.

ನಿದ್ದೆಯಿಂದ ಎದ್ದವನು ಮಲಗಿದವನೇ ಹೌದೇ? ಬ್ರಹ್ಮಸೂತ್ರವಾಗಲಿ ಅದರ ಭಾಷ್ಯವಾಗಲಿ ಇದನ್ನೂ ಬಿಟ್ಟಿಲ್ಲ. ಹೊಳೆಗೆ ಹಾಕಿದ ಹನಿಯನ್ನು ಮತ್ತೆ ಎತ್ತಿದರೆ ಅದೇ ಹನಿ ಬಂದೀತೇ ಎಂಬ ಸಂದೇಹ ಎತ್ತಿ, ಅವನೇ ಎನ್ನುವುದಕ್ಕೆ ಕೊಡುವ ಕಾರಣಗಳಲ್ಲಿ ಎರಡು ಬಹಳ ಮನುಷ್ಯಸಹಜ: ನಿನ್ನೆ ಅರ್ಧಕ್ಕೆ ಬಿಟ್ಟ ಕೆಲಸವನ್ನು ಅವನು ಇಂದು ಮುಂದುವರಿಸುತ್ತಾನೆ, ಮತ್ತು ಅವನಿಗೆ ನೆನಪಿದೆ. ಇಂದಿನ ನಿದ್ರಾವಿಜ್ಞಾನದ ಪ್ರಕಾರ ಆ ನೆನಪು ಗಟ್ಟಿಯಾಗುವುದೇ ನಿದ್ದೆಯಲ್ಲಿ. ಅರಿಜೋನಾ ವಿಶ್ವವಿದ್ಯಾಲಯದವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪುಟ್ಟ ಮಕ್ಕಳಿಗೆ ಹೊಸ ಪದಗಳನ್ನು ಕಲಿಸಿ, ಮಧ್ಯಾಹ್ನ ಒಂದು ಜೊಂಪು ಮಲಗಿಸಿ, ಮತ್ತೆ ಕೇಳಿದರು. ಸಾಮಾನ್ಯ ಮಕ್ಕಳಿಗೆ ಮಲಗಿದ್ದರಿಂದ ಲಾಭವಾಯಿತು. ಡೌನ್ ಸಿಂಡ್ರೋಮ್ ಇದ್ದ ಮಕ್ಕಳು ಮಲಗಿ ಎದ್ದಾಗ ನೆನಪಿಟ್ಟದ್ದಕ್ಕಿಂತ, ಮಲಗದೆ ಎಚ್ಚರವಿದ್ದಾಗಲೇ ಹೆಚ್ಚು ನೆನಪಿಟ್ಟಿದ್ದರು. ಕಲಿತದ್ದನ್ನು ಇಡಲು ಹೋದ ಕಣಜದಲ್ಲೇ ತೂತು. ಸಂಜೆ ತಿದ್ದಿದ ಅಕ್ಷರ ಬೆಳಿಗ್ಗೆ ಮಾಯವಾಗಿದೆ ಎಂದು ಟೀಚರು ಬೇಸರಪಟ್ಟರೆ, ಕಳೆದುಹೋದದ್ದು ತರಗತಿಯಲ್ಲಿ ಅಲ್ಲದೆಯೂ ಇರಬಹುದು.

'ದೇವರ ಮಕ್ಕಳು' ಎಂಬ ಮಾತಿಗೆ ಮರಳಬೇಕು. ಅದು ನಮ್ಮಲ್ಲಿ ಮಾತ್ರ ಹುಟ್ಟಿದ್ದಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಸುಮಾರು 1515ರ ಚಿತ್ರವೊಂದಿದೆ. ಕಲಾವಿದನ ಹೆಸರು ಗೊತ್ತಿಲ್ಲ, ಯಾನ್ ಯೋಸ್ಟನ ಶೈಲಿಯವನು. ಅದರಲ್ಲಿ ರಾತ್ರಿ ಹೊತ್ತು ಶಿಶು ಯೇಸುವಿನ ಸುತ್ತ ದೇವದೂತರು ನೆರೆದಿದ್ದಾರೆ. ಮೇರಿಯ ಪಕ್ಕದಲ್ಲಿರುವ ದೇವದೂತನ ಮುಖದಲ್ಲಿ ಡೌನ್ ಸಿಂಡ್ರೋಮ್‌ನ ಲಕ್ಷಣಗಳಿವೆಯೆಂದು 2003ರಲ್ಲಿ ಇಬ್ಬರು ವೈದ್ಯರು ವಾದಿಸಿದರು. ಲ್ಯಾಂಗ್ಡನ್ ಡೌನ್‌ಗೆ ಮುನ್ನೂರೈವತ್ತು ವರ್ಷ ಹಿಂದೆಯೇ ಯಾರೋ ಒಬ್ಬ ಇಂಥ ಮುಖವನ್ನು ಹತ್ತಿರದಿಂದ ನೋಡಿ, ರೆಕ್ಕೆ ಹಚ್ಚಿದ್ದಾನೆ. ರೆಕ್ಕೆ ಹಚ್ಚುವುದರಲ್ಲಿ ಪ್ರೀತಿ ಇದೆ, ಪೂರ್ವಜನ್ಮದ ಕರ್ಮ ಎನ್ನುವ ಕಟುಮಾತಿಗಿಂತ ಅದು ಎಷ್ಟೋ ಮೇಲು. ತೊಡಕೇನೆಂದರೆ ದೇವದೂತರಿಗೆ ಗಂಟಲು ನೋಡುವ ಡಾಕ್ಟರು ಬೇಕಾಗುವುದಿಲ್ಲ. ಕರ್ಮವೆಂದವರೂ ದೇವರ ಮಗುವೆಂದವರೂ ಬೇರೆಬೇರೆ ದಾರಿಯಲ್ಲಿ ಬಂದು ಒಂದೇ ಕಡೆ ನಿಲ್ಲುತ್ತಾರೆ, ಹಾಸಿಗೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ.

ದೇವರ ಮಗು ಎಂಬುದನ್ನು ನಿಜವಾಗಿ ನಂಬಿದವರು ದೇವರ ನಿದ್ದೆಗೆ ನಮ್ಮಲ್ಲಿ ಏನೇನು ಏರ್ಪಾಡಿದೆ ಎಂದು ಒಮ್ಮೆ ನೆನೆಯಬಹುದು. ದೇವಸ್ಥಾನಗಳಲ್ಲಿ ರಾತ್ರಿ ಏಕಾಂತ ಸೇವೆ ನಡೆಯುತ್ತದೆ. ಹಾಸಿಗೆ ಹಾಸಿ, ಹಾಲು ನೈವೇದ್ಯ ಮಾಡಿ, ಜೋಗುಳ ಹಾಡಿ, ಬಾಗಿಲು ಮುಂದೆ ಮಾಡುತ್ತಾರೆ. ಬೆಳಿಗ್ಗೆ ಗಂಟೆ ಬಾರಿಸುವ ಮೊದಲು ಸುಪ್ರಭಾತ. ಕಾಲಯವನ ಮಲಗಿದ್ದ ಮುಚುಕುಂದನನ್ನು ಒದ್ದು ಎಬ್ಬಿಸಿ ಸುಟ್ಟು ಬೂದಿಯಾದ ಕತೆಯನ್ನು ಹೇಳಿಕೊಂಡು ಬಂದ ಜನ ನಾವು. ಮಲಗುವ ಹೊತ್ತಿಗೆ ಟಿವಿ ಆರಿಸುವುದು, ದಿನವೂ ಒಂದೇ ಹೊತ್ತು ಪಾಲಿಸುವುದು, ಅಂಗಾತ ಬಿಟ್ಟು ಮಗ್ಗುಲಾಗಿ ಮಲಗಲು ಕಲಿಸುವುದು, ವರ್ಷಕ್ಕೊಮ್ಮೆ ಥೈರಾಯ್ಡ್ ನೋಡಿಸುವುದು, ಇವು ಆ ಉಪಚಾರಗಳಿಗಿಂತ ಕಷ್ಟದವೇನಲ್ಲ. ಟಾನ್ಸಿಲ್ ಮತ್ತು ಅಡಿನಾಯ್ಡ್ ತೆಗೆಸಿದರೆ ಎಷ್ಟೋ ಮಕ್ಕಳಿಗೆ ಸುಧಾರಿಸುತ್ತದೆ. ಇತರ ಮಕ್ಕಳಿಗೆ ಅಷ್ಟರಿಂದ ಗುಣವಾಗುವುದೇ ಹೆಚ್ಚಾದರೆ, ಇವರಲ್ಲಿ ಅನೇಕರಿಗೆ ಆಮೇಲೂ ಆಪ್ನಿಯಾ ಉಳಿಯುತ್ತದೆ. ಆಗ ಗಾಳಿಯ ಒತ್ತಡದಿಂದ ದಾರಿ ತೆರೆದಿಡುವ ಸಿಪ್ಯಾಪ್ ಮುಖವಾಡ. ಹದಿಹರೆಯದವರು ಅದನ್ನು ಕಿತ್ತೆಸೆಯುವುದು ಮಾಮೂಲು. ಹಗಲಲ್ಲಿ ಸಿನಿಮಾ ನೋಡುವಾಗ ಐದು ನಿಮಿಷ, ಮರುವಾರ ಹತ್ತು ನಿಮಿಷ ಎಂದು ವಾರಗಟ್ಟಲೆ ಪುಸಲಾಯಿಸಿ ಅಭ್ಯಾಸ ಮಾಡಿಸಿದ ತಾಯಂದಿರ ತಾಳ್ಮೆಯ ಮುಂದೆ ಯಾವ ಜಪವೂ ಸಣ್ಣದು.

ನಾಲಿಗೆಯ ಕತೆಗೆ ಇನ್ನೊಂದು ತಿರುವಿದೆ. ಬ್ರಹ್ಮನ ಮುಂದೆ ವರ ಕೇಳಲು ನಿಂತ ಕುಂಭಕರ್ಣನ ನಾಲಿಗೆಯ ಮೇಲೆ ಸರಸ್ವತಿ ಕೂತಳು. ಇಂದ್ರಾಸನ ಎನ್ನಲು ಹೋದವನು ನಿದ್ರಾಸನ ಎಂದುಬಿಟ್ಟ ಎಂದು ಹರಿಕಥೆಯವರು ನಗಿಸುತ್ತಾರೆ. ಗೊರಕೆಯ ಮಕ್ಕಳಿಗೆ ಮನೆಯವರಿಡುವ ಅಡ್ಡಹೆಸರೂ ಕುಂಭಕರ್ಣನೇ. ನಾಲಿಗೆಗೂ ನಿದ್ದೆಗೂ ಇರುವ ಆ ನಂಟನ್ನು ಈಗ ಬೋಸ್ಟನ್ನಿನ ಶಸ್ತ್ರವೈದ್ಯರು ತಿರುವಿಹಾಕಿದ್ದಾರೆ. ಎದೆಯ ಚರ್ಮದಡಿ ಪೇಸ್‌ಮೇಕರಿನಂಥ ಸಣ್ಣ ಯಂತ್ರ, ಅದರಿಂದ ನಾಲಿಗೆಯನ್ನು ಆಡಿಸುವ ಹನ್ನೆರಡನೆಯ ಕಪಾಲ ನರಕ್ಕೆ ಒಂದು ತಂತಿ. ಮಲಗಿದಾಗ ಪ್ರತಿ ಉಸಿರಿನ ಹೊತ್ತಿಗೆ ಅದು ನರವನ್ನು ಮೆಲ್ಲಗೆ ಚುರುಕುಗೊಳಿಸಿ ನಾಲಿಗೆಯನ್ನು ಮುಂದಕ್ಕೆ ತರುತ್ತದೆ. ಡೌನ್ ಸಿಂಡ್ರೋಮ್ ಇರುವ 42 ಹದಿಹರೆಯದವರಲ್ಲಿ ಮಾಡಿದ ಪ್ರಯೋಗದ ಫಲ 2022ರಲ್ಲಿ ಪ್ರಕಟವಾಯಿತು. ಉಸಿರು ಕಟ್ಟುವುದು ಗಂಟೆಗೆ ಸರಾಸರಿ ಹನ್ನೆರಡು ಹದಿಮೂರು ಸಲದಷ್ಟು ಇಳಿದಿತ್ತು. ಮರುವರ್ಷ ಅಮೆರಿಕದ ಔಷಧ ನಿಯಂತ್ರಕರು 13ರಿಂದ 18 ವಯಸ್ಸಿನ, ಬೇರೆ ಚಿಕಿತ್ಸೆ ಫಲಿಸದ, ತೀವ್ರ ತೊಂದರೆಯ ಡೌನ್ ಸಿಂಡ್ರೋಮ್ ರೋಗಿಗಳಿಗೆ ಇದನ್ನು ಒಪ್ಪಿದರು. ಸರಸ್ವತಿ ಹೊಣೆ ಬದಲಿಸಿದಂತಿದೆ. ನಮ್ಮ ಕಡೆ ಹೆಚ್ಚಿನವರಿಗೆ ಇದು ಇನ್ನೂ ದೂರದ ಮಾತು. ಜಿಲ್ಲಾ ಕೇಂದ್ರದಲ್ಲಿ ಮಕ್ಕಳಿಗೊಂದು ನಿದ್ದೆಯ ಪರೀಕ್ಷೆ ಸಿಕ್ಕರೂ ಅದೇ ದೊಡ್ಡದು.

ವಿದ್ಯಾರಣ್ಯರ ಪಂಚದಶಿಯ ಕೊನೆಯ ಐದು ಪ್ರಕರಣಗಳು ಆನಂದದ ಬಗ್ಗೆಯೇ ಇವೆ. ಶೃಂಗೇರಿಯ ಈ ಯತಿ ನಿದ್ದೆಯ ಸುಖವನ್ನು ವಿವರಿಸಲು ಉಪನಿಷತ್ತಿನ ಹಳೆಯ ಹೋಲಿಕೆಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಅವುಗಳಲ್ಲೊಂದು ಹಾಲು ಕುಡಿದು ಮೆತ್ತನೆಯ ಹಾಸಿಗೆಯಲ್ಲಿ ನಗುತ್ತ ಮಲಗಿದ ಕೂಸು. ಆ ಹೋಲಿಕೆಯ ಮೂಲ ಬೃಹದಾರಣ್ಯಕದ ಎರಡನೆಯ ಅಧ್ಯಾಯ, ಕಾಶಿಯ ರಾಜ ಅಜಾತಶತ್ರು ಮತ್ತು ತಾನು ಬ್ರಹ್ಮವನ್ನು ಬಲ್ಲೆನೆಂದು ಬಂದ ಬಾಲಾಕಿಯ ಸಂವಾದ. ಬಾಲಾಕಿಯ ಮಾತಿನ ಸರಕು ಮುಗಿದ ಮೇಲೆ ರಾಜ ಅವನ ಕೈಹಿಡಿದು ಮಲಗಿದ್ದ ಒಬ್ಬ ಮನುಷ್ಯನ ಬಳಿಗೆ ಕರೆದೊಯ್ಯುತ್ತಾನೆ. ದೊಡ್ಡ ದೊಡ್ಡ ಬಿರುದುಗಳಿಂದ ಕೂಗಿದರೂ ಅವನು ಏಳುವುದಿಲ್ಲ. ಕೈಯಿಂದ ಅಲುಗಿಸಿದಾಗ ಎದ್ದು ನಿಲ್ಲುತ್ತಾನೆ. ಕೌಷೀತಕಿಯ ಪಾಠದಲ್ಲಿ ಅಲುಗಿಸಿದ್ದೂ ಅಲ್ಲ, ಕೋಲಿನಿಂದ ತಿವಿದದ್ದು. ಇವನು ನಿದ್ದೆಯಲ್ಲಿದ್ದಾಗ ಎಲ್ಲಿದ್ದ, ಎಲ್ಲಿಂದ ಮರಳಿ ಬಂದ ಎಂದು ರಾಜ ಕೇಳುತ್ತಾನೆ, ಬಾಲಾಕಿಯನ್ನು. ಬಾಲಾಕಿಗೆ ಗೊತ್ತಿಲ್ಲ. ರಾಜನೇ ಉತ್ತರ ಹೇಳಲು ತೊಡಗುತ್ತಾನೆ, ನಾಡಿಗಳು, ಹೃದಯದ ಆಕಾಶ, ಕೂಸಿನಂಥ ನಿದ್ದೆ. ಎಬ್ಬಿಸಿಕೊಂಡು ನಿಂತ ಆ ಮನುಷ್ಯ ಇಬ್ಬರ ನಡುವೆಯೇ ಇದ್ದಾನೆ. ಅವನ ಹೆಸರು ಯಾರೂ ಹೇಳಿಲ್ಲ. ನಿದ್ದೆ ಹೇಗಿತ್ತಪ್ಪ ಎಂದು ಅವನನ್ನು ಕೇಳಿದ್ದೂ ಇಲ್ಲ. ಆಮೇಲೆ ಅವನು ಮತ್ತೆ ಮಲಗಿದನೋ ಎದ್ದು ಕೆಲಸಕ್ಕೆ ಹೋದನೋ, ಉಪನಿಷತ್ತು ಬರೆದಿಟ್ಟಿಲ್ಲ.